ಮನೆ ಮನೆಗೆ ಪೇಪರ್ ಹಾಕ್ತಿದ್ದ ಹುಡುಗ ಕರೆಂಟಿನ ದಾರಿ ತೋರಿಸಿದ ಕಥೆ: ಗೊತ್ತಿಲ್ಲ ಅನ್ನೋಕೆ ಹೆದರದ ಮೈಕೆಲ್ ಫ್ಯಾರಡೆ

ಬೇಸಿಗೆ ಬಂತು ಅಂದ್ರೆ ತಾಲ್ಲೂಕಿನ ಹಳ್ಳಿಗಳಲ್ಲಿ ಕೇಳಿಬರುವ ಮಾತು ಒಂದೇ, ಟಿಸಿ ಸುಟ್ಟೋಯ್ತು ಅನ್ನೋದು. ಟಿಸಿ ಸುಟ್ಟರೆ ಪಂಪ್‌ಸೆಟ್ ನಿಲ್ಲುತ್ತೆ, ಹಿಟ್ಟಿನ ಗಿರಣಿ ನಿಲ್ಲುತ್ತೆ, ಅಂಗಡಿ ಫ್ರಿಜ್‌ನಲ್ಲಿರೋ ಹಾಲು ಒಡೆಯುತ್ತೆ. ಲೈನ್‌ಮನ್‌ಗೆ ಫೋನ್ ಮೇಲೆ ಫೋನ್ ಹೋಗುತ್ತೆ.

ಆ ಟಿಸಿ ಡಬ್ಬದ ಒಳಗೆ ಮುಖ್ಯವಾಗಿ ಇರೋದು ಕಬ್ಬಿಣದ ತಿರುಳು, ಅದರ ಮೇಲೆ ಸುತ್ತಿದ ತಂತಿಯ ಸುರುಳಿಗಳು, ಸುತ್ತ ಎಣ್ಣೆ. ಒಂದು ಸುರುಳಿಗೂ ಇನ್ನೊಂದಕ್ಕೂ ತಂತಿಯ ಸಂಪರ್ಕವೇ ಇಲ್ಲ. ಆದರೂ ಒಂದರಲ್ಲಿ ಕರೆಂಟ್ ಹರಿದರೆ ಇನ್ನೊಂದರಲ್ಲಿ ಕರೆಂಟ್ ಹುಟ್ಟುತ್ತೆ. ಇದು ಸಾಧ್ಯ ಅಂತ ತೋರಿಸಿದ್ದು 1831ರ ಆಗಸ್ಟ್ 29ರಂದು, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯ ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ. ತೋರಿಸಿದವರು ಮೈಕೆಲ್ ಫ್ಯಾರಡೆ.

ಫ್ಯಾರಡೆ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಗಣಿತ ಅವರಿಗೆ ಬರುತ್ತಿರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. ತಮಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನೋ ಲೆಕ್ಕವನ್ನು ಒಬ್ಬ ಒಳ್ಳೆಯ ವ್ಯಾಪಾರಿ ಖಾತೆ ಪುಸ್ತಕ ಇಟ್ಟ ಹಾಗೆ ಇಟ್ಟರು. ಸೆಪ್ಟೆಂಬರ್ 22 ಅವರ ಜನ್ಮದಿನ.

ಕಮ್ಮಾರನ ಮಗ, ಪೇಪರ್ ಹುಡುಗ

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಲಂಡನ್ನಿಗೆ ಅಂಟಿಕೊಂಡಿದ್ದ ನ್ಯೂಯಿಂಗ್ಟನ್ ಬಟ್ಸ್ ಎಂಬ ಜಾಗದಲ್ಲಿ. ತಂದೆ ಜೇಮ್ಸ್ ಕಮ್ಮಾರ. ಕೆಲಸ ಗೊತ್ತಿತ್ತು, ಆದರೆ ಮೈಗೆ ಹುಷಾರಿರುತ್ತಿರಲಿಲ್ಲ. ಎಷ್ಟೋ ದಿನ ಕುಲುಮೆ ಹತ್ತಿಸೋಕೂ ಆಗುತ್ತಿರಲಿಲ್ಲ. ತಾಯಿ ಮಾರ್ಗರೆಟ್ ಮದುವೆಗೆ ಮೊದಲು ಮನೆಗೆಲಸದವಳು. ನಾಲ್ಕು ಮಕ್ಕಳಲ್ಲಿ ಮೈಕೆಲ್ ಮೂರನೆಯವನು. 1801ರಲ್ಲಿ ಧಾನ್ಯದ ಬೆಲೆ ವಿಪರೀತ ಏರಿದಾಗ ಆ ಹುಡುಗನ ಪಾಲಿಗೆ ವಾರಕ್ಕೆ ಒಂದೇ ರೊಟ್ಟಿ ಸಿಗುತ್ತಿತ್ತಂತೆ. ಓದು, ಬರಹ, ಕೂಡೋದು ಕಳೆಯೋದು, ಇಷ್ಟಕ್ಕೆ ಶಾಲೆ ಮುಗಿಯಿತು.

1804ರಲ್ಲಿ, 13ನೇ ವಯಸ್ಸಿಗೆ, ಜಾರ್ಜ್ ರೀಬೋ ಎಂಬುವರ ಪುಸ್ತಕದಂಗಡಿಗೆ ಕೆಲಸಕ್ಕೆ ಸೇರಿದ. ಆ ಕಾಲಕ್ಕೆ ಪೇಪರ್ ದುಬಾರಿ. ಎಲ್ಲರೂ ಕೊಳ್ಳೋಕೆ ಆಗುತ್ತಿರಲಿಲ್ಲ. ಅಂಗಡಿಯವರು ಬಾಡಿಗೆಗೆ ಕೊಡುತ್ತಿದ್ದರು. ಬೆಳಿಗ್ಗೆ ಒಬ್ಬರ ಮನೆಗೆ ಕೊಟ್ಟು ಬರಬೇಕು, ಅವರು ಓದಿದ ಮೇಲೆ ವಾಪಸ್ ಇಸಕೊಂಡು ಇನ್ನೊಬ್ಬರಿಗೆ ಕೊಡಬೇಕು. ಹುಡುಗನ ಕೆಲಸ ಅದೇ. ಒಂದು ವರ್ಷ ನೋಡಿದ ರೀಬೋ, ಹುಡುಗ ನಿಯತ್ತಿನವನು ಅಂತ ಗೊತ್ತಾಗಿ, ಕಲಿಕೆ ಶುಲ್ಕ ತಗೊಳ್ಳದೆ ಬುಕ್ ಬೈಂಡಿಂಗ್ ಕಲಿಯೋಕೆ ಅಪ್ರೆಂಟಿಸ್ ಆಗಿ ಸೇರಿಸಿಕೊಂಡರು. ಅವಧಿ 7 ವರ್ಷ.

ಹೊಲಿಯೋಕೆ ಬಂದ ಪುಸ್ತಕಗಳನ್ನೇ ಹುಡುಗ ಓದತೊಡಗಿದ. ವಿಶ್ವಕೋಶವೊಂದರ ಸಂಪುಟ ಬೈಂಡಿಂಗ್‌ಗೆ ಬಂದಾಗ ಅದರಲ್ಲಿ ವಿದ್ಯುತ್ ಬಗ್ಗೆ ಇದ್ದ ಲೇಖನ ಕಣ್ಣಿಗೆ ಬಿತ್ತು. ಜೇನ್ ಮಾರ್ಸೆಟ್ ಎಂಬ ಮಹಿಳೆ ಸಾಮಾನ್ಯರಿಗಾಗಿ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಸಿಕ್ಕಿತು. ಆದರೆ ಪುಸ್ತಕದಲ್ಲಿ ಅಚ್ಚಾಗಿದೆ ಅಂದ ಮಾತ್ರಕ್ಕೆ ನಂಬಲಿಲ್ಲ. ಕೈಯಲ್ಲಿದ್ದ ಪುಡಿಗಾಸಿನಲ್ಲಿ ಸಾಮಾನು ತಂದು, ಅಂಗಡಿಯ ಮೂಲೆಯಲ್ಲಿ ತಾನೇ ಮಾಡಿ ನೋಡಿದ. ಬಂದದ್ದು ಸರಿ ಇದ್ದರೆ ಮಾತ್ರ ಒಪ್ಪಿದ. ಈ ಅಭ್ಯಾಸ ಕೊನೇವರೆಗೂ ಬಿಡಲಿಲ್ಲ.

ಬೈಂಡ್ ಮಾಡಿದ ಪುಸ್ತಕವೇ ಅರ್ಜಿ

ಸಂಜೆ ಹೊತ್ತು ಊರಲ್ಲಿ ವಿಜ್ಞಾನದ ಉಪನ್ಯಾಸಗಳು ನಡೆಯುತ್ತಿದ್ದವು. ಒಂದಕ್ಕೆ ಒಂದು ಶಿಲಿಂಗ್. ಕುಲುಮೆ ಕೆಲಸಕ್ಕೆ ಹೋಗುತ್ತಿದ್ದ ಅಣ್ಣ ರಾಬರ್ಟ್ ಆ ದುಡ್ಡು ಕೊಡುತ್ತಿದ್ದ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಸರ್ ಹಂಫ್ರಿ ಡೇವಿಯ ಉಪನ್ಯಾಸಕ್ಕೆ ಟಿಕೆಟ್ ಕೊಟ್ಟರು. ಡೇವಿ ಅಂದ್ರೆ ಆಗಿನ ಇಂಗ್ಲೆಂಡಿನಲ್ಲಿ ದೊಡ್ಡ ಹೆಸರು. ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರ ಮಾತು ಕೇಳೋಕೆ ಸಿರಿವಂತರು ಮುಗಿಬೀಳುತ್ತಿದ್ದರು.

ಬೈಂಡಿಂಗ್ ಹುಡುಗ ನಾಲ್ಕು ಉಪನ್ಯಾಸ ಕೇಳಿದ. ಪೂರ್ತಿ ಬರೆದುಕೊಂಡ, ಚಿತ್ರ ಬಿಡಿಸಿದ, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ, ಕೆಲಸ ಕೊಡಿ ಅಂತ ಕೇಳಿಕೊಂಡ. ಸದ್ಯ ಜಾಗ ಖಾಲಿ ಇಲ್ಲ, ವಿಜ್ಞಾನದಲ್ಲಿ ದುಡ್ಡಿಲ್ಲ, ಬೈಂಡಿಂಗ್ ಕೆಲಸವನ್ನೇ ಮಾಡಿಕೊಂಡಿರು ಅನ್ನೋದು ಡೇವಿ ಕೊಟ್ಟ ಬುದ್ಧಿಮಾತು. ಕೆಲವೇ ತಿಂಗಳಲ್ಲಿ ಅಲ್ಲಿನ ಸಹಾಯಕನೊಬ್ಬನನ್ನು ಕೆಲಸದಿಂದ ತೆಗೆದಾಗ ಡೇವಿಗೆ ಈ ಹುಡುಗನ ನೆನಪಾಯ್ತು. 1813ರ ಮಾರ್ಚ್‌ನಲ್ಲಿ ಫ್ಯಾರಡೆ ಪ್ರಯೋಗಶಾಲೆಯ ಸಹಾಯಕರಾದರು. ವಾರಕ್ಕೆ 25 ಶಿಲಿಂಗ್ ಸಂಬಳ, ಮೇಲ್ಮಹಡಿಯಲ್ಲಿ ಎರಡು ಕೋಣೆ, ಜೊತೆಗೆ ಕಲ್ಲಿದ್ದಲು, ಮೇಣದಬತ್ತಿ.

ಅದೇ ವರ್ಷ ಡೇವಿ ದಂಪತಿ ಯುರೋಪ್ ಪ್ರವಾಸ ಹೊರಟಾಗ ಫ್ಯಾರಡೆಯೂ ಜೊತೆಗೆ ಹೋದರು. ದಾರಿಯುದ್ದಕ್ಕೂ ಡೇವಿಯ ಹೆಂಡತಿ ಆಳಿನ ಹಾಗೇ ನೋಡಿದರು. ಬಟ್ಟೆಬರೆ, ಸಾಮಾನು ನೋಡಿಕೊಳ್ಳುವ ಕೆಲಸವೂ ತಲೆಗೆ ಬಿತ್ತು. ವಾಪಸ್ ಹೋಗಿಬಿಡೋಣ ಅನ್ನಿಸಿದ್ದೂ ಉಂಟು. ಆದರೆ ದೊಡ್ಡ ದೊಡ್ಡ ವಿಜ್ಞಾನಿಗಳನ್ನು ಹತ್ತಿರದಿಂದ ನೋಡೋ ಅವಕಾಶ ಬಿಡೋಕೆ ಮನಸ್ಸಾಗಲಿಲ್ಲ, ತಡೆದುಕೊಂಡರು.

ಅವಸರದಲ್ಲಿ ಆದ ತಪ್ಪು

ಫ್ಯಾರಡೆಯೂ ಎಡವಿದ್ದಾರೆ. ಎಡವಿದ್ದು 1821ರಲ್ಲಿ.

ಅದಕ್ಕೆ ಒಂದು ವರ್ಷ ಮುಂಚೆ ಡೆನ್ಮಾರ್ಕಿನ ಅರ್ಸ್ಟೆಡ್ ಒಂದು ವಿಚಿತ್ರ ಕಂಡುಹಿಡಿದಿದ್ದರು. ತಂತಿಯಲ್ಲಿ ಕರೆಂಟ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತೆ ಅನ್ನೋದು. ಹಾಗಾದರೆ ಕರೆಂಟ್ ಹರಿಯುವ ತಂತಿಯನ್ನೇ ತಿರುಗಿಸಬಹುದಾ? ಈ ಪ್ರಶ್ನೆ ಹಿಡಿದು ವುಲಾಸ್ಟನ್ ಎಂಬ ಹಿರಿಯ ವಿಜ್ಞಾನಿ ಡೇವಿಯ ಜೊತೆ ಪ್ರಯತ್ನಿಸಿದ್ದರು, ಆಗಿರಲಿಲ್ಲ.

ಫ್ಯಾರಡೆ ತಮ್ಮದೇ ರೀತಿಯಲ್ಲಿ ಮಾಡಿದರು. ಪಾದರಸ ತುಂಬಿದ ಪಾತ್ರೆ, ಅದರಲ್ಲಿ ಅಯಸ್ಕಾಂತ, ಮೇಲಿಂದ ಇಳಿಬಿಟ್ಟ ತಂತಿ. ಕರೆಂಟ್ ಕೊಟ್ಟ ಕೂಡಲೇ ತಂತಿ ಅಯಸ್ಕಾಂತದ ಸುತ್ತ ಗಿರಗಿರ ಸುತ್ತಿತು. ಇವತ್ತಿನ ಫ್ಯಾನು, ಮಿಕ್ಸಿ, ಬೋರ್‌ವೆಲ್ ಮೋಟಾರಿನ ಮೊದಲ ಅಜ್ಜ ಅದೇ.

ಖುಷಿಯಲ್ಲಿ ಬೇಗ ಬೇಗ ಬರೆದು ಪ್ರಕಟಿಸಿಬಿಟ್ಟರು. ವುಲಾಸ್ಟನ್ ಊರಲ್ಲಿರಲಿಲ್ಲ, ಅವರನ್ನು ಕೇಳದೆ ಹೆಸರು ಹಾಕೋದು ಹೇಗೆ ಅಂತ ಬಿಟ್ಟರು. ಕಾಯಬಹುದಿತ್ತು, ಕಾಯಲಿಲ್ಲ. ಬೈಂಡಿಂಗ್ ಅಂಗಡಿಯಿಂದ ಬಂದವನು ದೊಡ್ಡವರ ಯೋಚನೆ ಕದ್ದ ಅನ್ನೋ ಗುಸುಗುಸು ಶುರುವಾಯ್ತು. 30 ವರ್ಷದ ಸಹಾಯಕನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇರಲಿಲ್ಲ. ಬಡವನ ಮಗನ ಹತ್ತಿರ ಇದ್ದ ಬಂಡವಾಳ ಅಂದ್ರೆ ನಿಯತ್ತೊಂದೇ.

ಫ್ಯಾರಡೆ ನೇರವಾಗಿ ವುಲಾಸ್ಟನ್‌ಗೆ ಪತ್ರ ಬರೆದರು, ಭೇಟಿ ಕೇಳಿದರು. ಇಬ್ಬರ ಪ್ರಯೋಗವೂ ಬೇರೆ ಬೇರೆ ಅಂತ ವಿವರಿಸಿದರು. ವುಲಾಸ್ಟನ್ ದೊಡ್ಡ ಮನಸ್ಸಿನವರು, ತಾವೇ ಬಂದು ಪ್ರಯೋಗ ನೋಡಿಹೋದರು. ಎರಡು ವರ್ಷದ ನಂತರ ಫ್ಯಾರಡೆ ಇಡೀ ಸಂಗತಿಯನ್ನು ಇಸವಿ ಸಮೇತ ಬರೆದು ಪ್ರಕಟಿಸಿ, ಯಾರ ಪಾಲು ಎಷ್ಟು ಅಂತ ಲೆಕ್ಕ ಒಪ್ಪಿಸಿದರು. ಆದರೂ 1824ರಲ್ಲಿ ರಾಯಲ್ ಸೊಸೈಟಿ ಸದಸ್ಯತ್ವಕ್ಕೆ ಅವರ ಹೆಸರು ಬಂದಾಗ ಅಡ್ಡ ನಿಂತವರು ಗುರು ಡೇವಿಯೇ. ಒಂದೇ ಒಂದು ವಿರುದ್ಧ ಮತದೊಂದಿಗೆ ಫ್ಯಾರಡೆ ಆಯ್ಕೆಯಾದರು. ಡೇವಿಯ ಬಗ್ಗೆ ಮಾತ್ರ ಕೊನೇವರೆಗೂ ಗೌರವದಿಂದಲೇ ಮಾತಾಡಿದರು.

ಗಾಳಕ್ಕೆ ಸಿಕ್ಕಿದ್ದು ಮೀನೋ, ಜೊಂಡೋ?

ಕರೆಂಟಿನಿಂದ ಅಯಸ್ಕಾಂತ ಆಗುತ್ತೆ ಅಂದ್ರೆ ಅಯಸ್ಕಾಂತದಿಂದ ಕರೆಂಟ್ ಯಾಕೆ ಆಗಬಾರದು? 1820ರ ದಶಕದಲ್ಲಿ ಈ ಪ್ರಶ್ನೆ ಫ್ಯಾರಡೆಯ ತಲೆ ತಿಂತಾನೇ ಇತ್ತು. ಮತ್ತೆ ಮತ್ತೆ ಪ್ರಯತ್ನಿಸಿದರು. ಪ್ರತಿಸಲವೂ ಸೋಲು. ಸೋತದ್ದನ್ನು ಸೋತೆ ಅಂತಲೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟರು.

1831ರ ಆಗಸ್ಟ್‌ನಲ್ಲಿ ಆರು ಇಂಚು ಅಗಲದ ಮೆದು ಕಬ್ಬಿಣದ ಬಳೆಯೊಂದನ್ನು ಮಾಡಿಸಿದರು. ಒಂದು ಪಕ್ಕಕ್ಕೆ ತಾಮ್ರದ ತಂತಿ ಸುತ್ತಿದರು, ಎದುರು ಪಕ್ಕಕ್ಕೆ ಇನ್ನೊಂದು. ಈಗಿನ ಹಾಗೆ ಎನಾಮಲ್ ಹಚ್ಚಿದ ತಂತಿ ಆಗ ಎಲ್ಲಿತ್ತು? ಸುತ್ತು ಸುತ್ತಿಗೂ ನಡುವೆ ದಾರ ಮತ್ತು ಹತ್ತಿ ಬಟ್ಟೆ ಇಟ್ಟು ಕೈಯಲ್ಲೇ ಸುತ್ತಿದರು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೂತು ಕಾಯಿಲ್ ಸುತ್ತಿದವರಿಗೆ ಆ ಕೆಲಸದ ತಾಳ್ಮೆ ಎಂಥದ್ದು ಅಂತ ಗೊತ್ತು.

ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದರು. ಇನ್ನೊಂದು ಸುರುಳಿಯ ತಂತಿಯ ಹತ್ತಿರ ಇಟ್ಟಿದ್ದ ಮುಳ್ಳು ಒಂದು ಸಲ ಅಲ್ಲಾಡಿ ನಿಂತುಬಿಟ್ಟಿತು. ಬ್ಯಾಟರಿ ತೆಗೆದಾಗ ಮತ್ತೆ ಅಲ್ಲಾಡಿತು. ಕರೆಂಟ್ ಸುಮ್ಮನೆ ಹರಿಯುತ್ತಿದ್ದಾಗ ಏನೂ ಇಲ್ಲ, ಶುರುವಾಗುವಾಗ ಮತ್ತು ನಿಲ್ಲುವಾಗ ಮಾತ್ರ.

ಬೇರೆಯವರಾಗಿದ್ದರೆ ಅವತ್ತೇ ಡಂಗುರ ಹೊಡೆಯುತ್ತಿದ್ದರು. ಹತ್ತು ವರ್ಷದ ಹಿಂದೆ ಪೆಟ್ಟು ತಿಂದಿದ್ದ ಫ್ಯಾರಡೆ ಹಾಗೆ ಮಾಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಏನೋ ಸಿಕ್ಕ ಹಾಗಿದೆ, ಆದರೆ ಎಳೆದು ನೋಡಿದರೆ ಮೀನಿನ ಬದಲು ಬರೀ ಜೊಂಡು ಇರಬಹುದು ಅನ್ನೋ ಅರ್ಥದಲ್ಲಿ ಹೇಳಿಕೊಂಡರು. ಅಕ್ಟೋಬರ್ 17ರಂದು ತಂತಿ ಸುರುಳಿಯೊಳಗೆ ಅಯಸ್ಕಾಂತವನ್ನು ತೂರಿಸಿ ಎಳೆದರು, ಕರೆಂಟ್ ಹುಟ್ಟಿತು. ಕೆಲವೇ ದಿನಗಳಲ್ಲಿ ದೊಡ್ಡ ಅಯಸ್ಕಾಂತದ ನಡುವೆ ತಾಮ್ರದ ತಟ್ಟೆ ತಿರುಗಿಸಿ ನಿಲ್ಲದೆ ಕರೆಂಟ್ ಬರುವ ಹಾಗೆ ಮಾಡಿದರು. ಅದು ಮೊದಲ ಜನರೇಟರ್. ಎಲ್ಲ ಕಡೆಯಿಂದಲೂ ಪರೀಕ್ಷೆ ಮಾಡಿ, ನವೆಂಬರ್ 24ರಂದು ರಾಯಲ್ ಸೊಸೈಟಿ ಮುಂದೆ ಇಟ್ಟರು.

ಹೆಸರು ಇಡೋಕೂ ಇನ್ನೊಬ್ಬರನ್ನು ಕೇಳಿದರು

ಹೈಸ್ಕೂಲ್ ಮಕ್ಕಳು ಇವತ್ತಿಗೂ ಬಾಯಿಪಾಠ ಮಾಡುವ ಆನೋಡ್, ಕ್ಯಾಥೋಡ್, ಅಯಾನು ಎಂಬ ಪದಗಳ ಹಿಂದೆಯೂ ಇಂಥದ್ದೇ ಕಥೆ ಇದೆ.

ದ್ರಾವಣದಲ್ಲಿ ಕರೆಂಟ್ ಹರಿಸಿ ಅದನ್ನು ಒಡೆಯುವ ವಿದ್ಯುದ್ವಿಭಜನೆಯ ಕೆಲಸವನ್ನು ಫ್ಯಾರಡೆ 1833-34ರಲ್ಲಿ ಮಾಡಿದರು. ದ್ರಾವಣಕ್ಕೆ ಇಳಿಬಿಡುವ ಎರಡು ಕಡ್ಡಿಗಳಿಗೆ ಆಗ ಧ್ರುವ ಅಂತ ಹೆಸರಿತ್ತು. ಧ್ರುವ ಅಂದ ಕೂಡಲೇ ಅದು ಅಯಸ್ಕಾಂತದ ಹಾಗೆ ಎಳೆಯುತ್ತೆ ಅನ್ನೋ ಅರ್ಥ ಬಂದುಬಿಡುತ್ತೆ. ನಿಜವಾಗಿ ಎಳೆಯುತ್ತಾ? ಕರೆಂಟ್ ಯಾವ ದಿಕ್ಕಿಗೆ ಹರಿಯುತ್ತೆ? ಅಸಲಿಗೆ ಹರಿಯೋದು ಏನು? ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೇಳಿಬಿಡುವ ಹೆಸರು ಫ್ಯಾರಡೆಗೆ ಬೇಡವಾಗಿತ್ತು. ನಾಳೆ ಯಾರಾದರೂ ಬೇರೆ ಸತ್ಯ ಕಂಡುಹಿಡಿದರೂ ಸುಳ್ಳಾಗದ ಪದ ಬೇಕಿತ್ತು.

ಅಂಥ ಪದಕ್ಕೆ ಗ್ರೀಕ್ ಭಾಷೆ ಬರಬೇಕು. ಫ್ಯಾರಡೆಗೆ ಬರುತ್ತಿರಲಿಲ್ಲ. ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದು, ತಮ್ಮ ಕಷ್ಟ ಏನು ಅಂತ ವಿವರಿಸಿ ಸಹಾಯ ಕೇಳಿದರು. ಆನೋಡ್, ಕ್ಯಾಥೋಡ್, ಅಯಾನು ಹ್ಯೂವೆಲ್ ಸೂಚಿಸಿದ ಪದಗಳು. ಫ್ಯಾರಡೆ ತಮ್ಮದೇ ಪದಗಳನ್ನು ಕೈಬಿಟ್ಟು ಇವನ್ನು ತಗೊಂಡರು. ಸುಮಾರು 60 ವರ್ಷದ ನಂತರ ಎಲೆಕ್ಟ್ರಾನ್ ಪತ್ತೆಯಾದಾಗಲೂ ಆ ಹೆಸರುಗಳನ್ನು ಬದಲಾಯಿಸುವ ಪ್ರಸಂಗ ಬರಲಿಲ್ಲ.

ಗಣಿತ ಬರಲ್ಲ ಅಂತ ಒಪ್ಪಿಕೊಂಡವರು

ಫ್ರಾನ್ಸಿನ ಆಂಪಿಯರ್ ವಿದ್ಯುತ್ತಿನ ನಿಯಮಗಳನ್ನು ಗಣಿತದಲ್ಲಿ ಬರೆಯುತ್ತಿದ್ದ ಕಾಲ ಅದು. 1822ರಲ್ಲೇ ಫ್ಯಾರಡೆ ಅವರಿಗೆ ಬರೆದ ಪತ್ರದಲ್ಲಿ, ಗಣಿತ ತಮಗೆ ಬರಲ್ಲ, ಹಾಗಾಗಿ ಕತ್ತಲಲ್ಲಿ ಗೋಡೆ ತಡವಿ ನಡೆಯುವವರಂತೆ ಒಂದು ಸಂಗತಿಯ ಪಕ್ಕ ಇನ್ನೊಂದು ಸಂಗತಿ ಇಟ್ಟುಕೊಂಡು ನಿಧಾನಕ್ಕೆ ಹೋಗಬೇಕಾಗಿದೆ ಎಂಬರ್ಥದ ಮಾತು ಬರೆದಿದ್ದರು. ಆಂಪಿಯರ್ ಅವರಂಥವರ ಮುಂದೆ ಹೀಗೆ ಒಪ್ಪಿಕೊಳ್ಳೋದು ಸುಲಭ ಅಲ್ಲ.

ಸೂತ್ರದ ಬದಲು ಅವರು ಚಿತ್ರದಲ್ಲಿ ಯೋಚಿಸಿದರು. ಕಾಗದದ ಕೆಳಗೆ ಅಯಸ್ಕಾಂತ ಇಟ್ಟು ಮೇಲೆ ಕಬ್ಬಿಣದ ಪುಡಿ ಉದುರಿಸಿದರೆ ಗೆರೆ ಗೆರೆಯಾಗಿ ನಿಲ್ಲುತ್ತಲ್ಲ, ಆ ಗೆರೆಗಳಿಗೆ ಬಲರೇಖೆಗಳು ಅಂತ ಕರೆದರು. ಅಯಸ್ಕಾಂತದ ಶಕ್ತಿ ಕಬ್ಬಿಣದ ಒಳಗೆ ಮಾತ್ರ ಇಲ್ಲ, ಸುತ್ತಲಿನ ಜಾಗದಲ್ಲೂ ಹರಡಿದೆ ಅನ್ನೋದು ಅವರ ಯೋಚನೆ. 1846ರಲ್ಲಿ, ಬೆಳಕು ಅನ್ನೋದು ಆ ಗೆರೆಗಳ ಕಂಪನ ಇರಬಹುದಾ ಅನ್ನೋ ತನಕ ಹೋದರು. ಇದು ಬರೀ ಊಹೆ, ಪ್ರಯೋಗದಿಂದ ಸಿದ್ಧವಾದದ್ದಲ್ಲ ಅಂತಲೂ ಸ್ಪಷ್ಟವಾಗಿ ಹೇಳಿದರು. ಯಾವುದು ಕಂಡದ್ದು, ಯಾವುದು ಅಂದುಕೊಂಡದ್ದು, ಎರಡನ್ನೂ ಬೆರೆಸಲಿಲ್ಲ. ಗಣಿತ ಬಲ್ಲ ಬಹಳ ಮಂದಿ ಈ ಗೆರೆಗಳ ಮಾತನ್ನು ಗಂಭೀರವಾಗಿ ತಗೊಳ್ಳಲಿಲ್ಲ.

ತಗೊಂಡವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ಸ್ಕಾಟ್ಲೆಂಡಿನ ತರುಣ. ಬಲರೇಖೆಗಳನ್ನು ಗಣಿತಕ್ಕೆ ಇಳಿಸಿ ಬರೆದ ಪ್ರಬಂಧವನ್ನು ಫ್ಯಾರಡೆಗೆ ಕಳಿಸಿದರು. ಆಗ 1857, ಫ್ಯಾರಡೆಗೆ 65, ಮ್ಯಾಕ್ಸ್‌ವೆಲ್‌ಗೆ 25. ಮೊದಲು ಅಷ್ಟು ಗಣಿತ ನೋಡಿ ಭಯವೇ ಆಯ್ತು, ಆಮೇಲೆ ತಮ್ಮ ವಿಚಾರ ಅದನ್ನು ತಡೆದುಕೊಂಡು ನಿಂತದ್ದು ಕಂಡು ಆಶ್ಚರ್ಯವಾಯ್ತು ಅಂತ ಹಿರಿಯರು ಉತ್ತರ ಬರೆದರು. ಅದೇ ವರ್ಷ ಇನ್ನೊಂದು ಪತ್ರದಲ್ಲಿ ಒಂದು ಬೇಡಿಕೆಯನ್ನೂ ಇಟ್ಟರು. ಗಣಿತದವರು ತಾವು ಕಂಡುಕೊಂಡದ್ದನ್ನು ತಮ್ಮಂಥವರಿಗೂ ತಿಳಿಯುವಂತೆ ಸಾಮಾನ್ಯ ಮಾತಿನಲ್ಲಿ ಹೇಳೋಕೆ ಆಗಲ್ವಾ ಅಂತ. ಮಗನ ವಯಸ್ಸಿನವನ ಹತ್ತಿರ, ಅರ್ಥ ಆಗಲಿಲ್ಲ, ತಿಳಿಸಿ ಹೇಳಿ ಅಂತ ಕೇಳೋಕೆ ನಾಚಿಕೆ ಪಡಲಿಲ್ಲ.

ಮುಂದೆ ಮ್ಯಾಕ್ಸ್‌ವೆಲ್ ಬರೆದ ಸಮೀಕರಣಗಳು ಬೆಳಕು ವಿದ್ಯುತ್ ಮತ್ತು ಕಾಂತದ ಅಲೆ ಅಂತ ತೋರಿಸಿದವು. ರೇಡಿಯೋ, ಟಿವಿ, ಮೊಬೈಲ್ ಸಿಗ್ನಲ್ ಎಲ್ಲ ಅಲ್ಲಿಂದ ಬಂದವು.

ಸೋತ ಪ್ರಯೋಗವೂ ಅಚ್ಚಿಗೆ

ವಿದ್ಯುತ್ತಿಗೂ ಕಾಂತಕ್ಕೂ ನಂಟಿದೆ. ಬೆಳಕಿಗೂ ಕಾಂತಕ್ಕೂ ನಂಟಿದೆ ಅಂತ 1845ರಲ್ಲಿ ಅವರೇ ತೋರಿಸಿದ್ದರು. ಹಾಗಾದರೆ ಮೇಲಿಂದ ಬಿಟ್ಟ ಕಲ್ಲನ್ನು ಕೆಳಗೆ ಎಳೆಯುವ ಗುರುತ್ವಾಕರ್ಷಣೆಗೂ ವಿದ್ಯುತ್ತಿಗೂ ನಂಟು ಇರಲೇಬೇಕು ಅನ್ನೋದು ಅವರ ಗಟ್ಟಿ ನಂಬಿಕೆ. ಲೋಹದ ತುಂಡುಗಳನ್ನು ಎತ್ತರದಿಂದ ಬೀಳಿಸಿ, ಬೀಳುವಾಗ ಕರೆಂಟ್ ಹುಟ್ಟುತ್ತಾ ಅಂತ ನೋಡಿದರು. ಮುಳ್ಳು ಅಲ್ಲಾಡಿದ ಹಾಗೆ ಕಂಡಾಗಲೆಲ್ಲ ಕಾರಣ ಹುಡುಕಿದರು. ಪ್ರತಿ ಸಲವೂ ಬೇರೆ ಏನೋ ಕಾರಣ ಸಿಕ್ಕಿತು.

1850ರ ನವೆಂಬರ್‌ನಲ್ಲಿ ರಾಯಲ್ ಸೊಸೈಟಿ ಮುಂದೆ ಇದನ್ನೇ ಓದಿದರು. ಫಲಿತಾಂಶ ಸೊನ್ನೆ, ಆದರೂ ನಂಟು ಇದೆ ಅನ್ನೋ ತಮ್ಮ ನಂಬಿಕೆ ಹೋಗಿಲ್ಲ, ಅದಕ್ಕೆ ಪುರಾವೆ ಮಾತ್ರ ತಮ್ಮ ಹತ್ತಿರ ಇಲ್ಲ ಅನ್ನೋದು ಅದರ ಸಾರ. ಆಗ ಅವರು ಯುರೋಪಿನಲ್ಲೇ ದೊಡ್ಡ ಹೆಸರಿನ ಪ್ರಯೋಗಕಾರ. ತಮ್ಮ ಸೋಲನ್ನು ತಾವೇ ವಿದ್ವಾಂಸರ ಮುಂದೆ ಓದಿ, ಅಚ್ಚು ಮಾಡಿಸಿದರು.

1859ರಲ್ಲಿ, 67 ದಾಟಿದ ಮೇಲೆ, ಲಂಡನ್ನಿನ ಎತ್ತರದ ಗೋಪುರವೊಂದರಲ್ಲಿ ಸೀಸದ ಭಾರೀ ತೂಕಗಳನ್ನು ಏರಿಸಿ ಇಳಿಸಿ ಮತ್ತೆ ನೋಡಿದರು. ಮತ್ತೆ ಸೊನ್ನೆ. ಅದನ್ನೂ ಬರೆದು ಕಳಿಸಿದರು. ಸೊಸೈಟಿಯ ಕಾರ್ಯದರ್ಶಿ ಸ್ಟೋಕ್ಸ್, ಅವರಿಗಿಂತ 28 ವರ್ಷ ಚಿಕ್ಕವರು, ಇದನ್ನು ಪ್ರಕಟಿಸದಿರೋದು ಒಳ್ಳೇದು ಅಂತ ಸಲಹೆ ಕೊಟ್ಟರು. ಫ್ಯಾರಡೆ ಜಗಳ ಆಡದೆ ವಾಪಸ್ ತಗೊಂಡರು.

ತಾನಾಗೇ ತಿರುಗುವ ಟೇಬಲ್!

1853ರಲ್ಲಿ ಲಂಡನ್ನಿಗೆ ಒಂದು ಹುಚ್ಚು ಹಿಡಿಯಿತು. ನಾಲ್ಕೈದು ಜನ ಟೇಬಲ್ ಸುತ್ತ ಕೂತು ಮೇಲೆ ಕೈ ಇಡೋದು, ಸ್ವಲ್ಪ ಹೊತ್ತಿಗೆ ಟೇಬಲ್ ತಾನಾಗೇ ತಿರುಗೋದು. ಕೆಲವರು ಆತ್ಮ ಅಂದರು, ಕೆಲವರು ದೆವ್ವ ಅಂದರು, ಇನ್ನು ಕೆಲವರು ವಿದ್ಯುತ್ ಶಕ್ತಿ ಅಂದರು. ಫ್ಯಾರಡೆ ಏನಂತಾರೆ ಅಂತ ಎಲ್ಲರೂ ಕೇಳೋರೇ.

ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕಬಹುದಿತ್ತು. ಹಾಗೆ ಮಾಡದೆ ಟೇಬಲ್ ತಿರುಗಿಸಬಲ್ಲ ಮರ್ಯಾದಸ್ಥರನ್ನೇ ಕರೆದು ಕೂರಿಸಿದರು. ಟೇಬಲ್ ಮೇಲೆ ಒಂದರ ಮೇಲೊಂದು ರಟ್ಟಿನ ಹಾಳೆಗಳನ್ನು ಇಟ್ಟು, ನಡುವೆ ಮೆತ್ತನೆಯ ಅಂಟಿನ ಉಂಡೆಗಳನ್ನಿಟ್ಟರು. ಟೇಬಲ್ ತಾನಾಗಿ ತಿರುಗಿದರೆ ಕೆಳಗಿನ ರಟ್ಟು ಮೊದಲು ಸರಿಯಬೇಕು. ಕೈ ತಳ್ಳಿದರೆ ಮೇಲಿನ ರಟ್ಟು ಮೊದಲು ಸರಿಯಬೇಕು. ಸರಿದದ್ದು ಮೇಲಿನದು.

ಆಮೇಲೆ ಕೈ ತಳ್ಳಿದರೆ ಕೂಡಲೇ ತೋರಿಸುವ ಉದ್ದನೆಯ ಕಡ್ಡಿಯೊಂದನ್ನು ಜೋಡಿಸಿದರು. ಕೂತವರು ಆ ಕಡ್ಡಿ ನೋಡುತ್ತಿದ್ದರೆ ಟೇಬಲ್ ಅಲ್ಲಾಡಲೇ ಇಲ್ಲ. ಕೂತವರು ಮೋಸಗಾರರಲ್ಲ ಅಂತಲೂ ಫ್ಯಾರಡೆ ಬರೆದರು. ತಾವು ತಳ್ಳುತ್ತಿದ್ದೇವೆ ಅನ್ನೋದು ಅವರಿಗೇ ಗೊತ್ತಿರಲಿಲ್ಲ, ಅಷ್ಟೇ. ಆಗಬೇಕು ಅಂತ ಮನಸ್ಸಿನಲ್ಲಿದ್ದದ್ದನ್ನು ಕೈ ಮಾಡಿಬಿಡುತ್ತಿತ್ತು.

ಮರುವರ್ಷ ಮೇ 6ರಂದು, ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್ ಕೂತಿದ್ದ ಸಭೆಯಲ್ಲಿ ಇದೇ ವಿಚಾರವಾಗಿ ಉಪನ್ಯಾಸ ಕೊಟ್ಟರು. ಮನುಷ್ಯ ತನ್ನ ಆಸೆಗೆ ಅನುಕೂಲವಾದ ಪುರಾವೆಯನ್ನು ಬೇಗ ನಂಬುತ್ತಾನೆ, ಪ್ರತಿಕೂಲವಾದದ್ದನ್ನು ದೂರ ಇಡುತ್ತಾನೆ. ಪುರಾವೆ ಸಾಲದೆ ಇದ್ದಾಗ ತೀರ್ಮಾನವನ್ನು ತಡೆದು ಹಿಡಿಯೋಕೆ ಕಲೀಬೇಕು. ಆ ಉಪನ್ಯಾಸದ ತಿರುಳು ಇಷ್ಟು. ತಪ್ಪುವವರ ಪಟ್ಟಿಯಿಂದ ತಮ್ಮನ್ನು ಅವರು ಹೊರಗಿಡಲಿಲ್ಲ.

ದೊಡ್ಡ ಕುರ್ಚಿ ಬೇಡ ಅಂದರು

1857ರ ಸುಮಾರಿಗೆ ರಾಯಲ್ ಸೊಸೈಟಿಯ ಹಿರಿಯರು ಮನೆಗೇ ಬಂದು ಅಧ್ಯಕ್ಷರಾಗಿ ಅಂತ ಕೇಳಿಕೊಂಡರು. ಹಿಂದೆ ನ್ಯೂಟನ್ ಕೂತಿದ್ದ ಕುರ್ಚಿ ಅದು. ಬರೀ ಮೈಕೆಲ್ ಫ್ಯಾರಡೆಯಾಗಿ ಇರೋಕೆ ಬಿಡಿ ಅಂತ ಅವರು ಒಪ್ಪಲಿಲ್ಲ. ಆ ಗೌರವ ತಗೊಂಡರೆ ತಮ್ಮ ಬುದ್ಧಿ ಒಂದು ವರ್ಷವೂ ನೆಟ್ಟಗೆ ಉಳಿಯುತ್ತೆ ಅಂತ ಹೇಳೋಕಾಗಲ್ಲ ಅನ್ನೋದು ಅವರ ಅಂಜಿಕೆ. ಸರ್ ಪದವಿಯೂ ಅವರಿಗೆ ಬೇಡವಾಗಿತ್ತು.

ಅಷ್ಟರಲ್ಲಿ ಬೇರೊಂದು ಕಷ್ಟ ಅವರನ್ನು ಹಿಡಿದಿತ್ತು. ನೆನಪಿನ ಶಕ್ತಿ ಕುಸಿಯುತ್ತಿತ್ತು. ಒಮ್ಮೆ ವಾರಗಟ್ಟಲೆ ಕೂತು ಪ್ರಯೋಗ ಮಾಡಿ ಮುಗಿಸಿದ ಮೇಲೆ ಹಳೇ ಟಿಪ್ಪಣಿ ನೋಡಿದರೆ, ಕೆಲವು ತಿಂಗಳ ಹಿಂದೆಯೇ ಅದನ್ನೆಲ್ಲ ಮಾಡಿ ಬರೆದಿಟ್ಟಿದ್ದರು! 16,000ಕ್ಕೂ ಹೆಚ್ಚು ಅಂಕಿ ಹಾಕಿದ ಟಿಪ್ಪಣಿಗಳಿದ್ದ ಪುಸ್ತಕ ಅದು. ನೆನಪು ಕೈಕೊಟ್ಟಾಗ ಪುಸ್ತಕ ಕೈಹಿಡಿಯಿತು.

ಇದನ್ನೂ ಮುಚ್ಚಿಡಲಿಲ್ಲ. ಮಕ್ಕಳಿಗಾಗಿ ಕ್ರಿಸ್‌ಮಸ್ ಸಮಯದಲ್ಲಿ ಕೊಡುತ್ತಿದ್ದ ಉಪನ್ಯಾಸಗಳು ಅವರಿಗೆ ಜೀವ. ಒಟ್ಟು 19 ವರ್ಷ ಕೊಟ್ಟಿದ್ದರು. ತಪ್ಪು ಹೇಳಿಬಿಟ್ಟೇನು ಅನ್ನೋ ಕಾರಣಕ್ಕೆ ಅದನ್ನು ಬಿಟ್ಟರು. 1862ರ ಜೂನ್‌ನಲ್ಲಿ ಕೊನೆಯ ಶುಕ್ರವಾರದ ಉಪನ್ಯಾಸ ಕೊಟ್ಟು, ನೆನಪು ಹೋಗುತ್ತಿದೆ, ಇನ್ನು ಇಲ್ಲಿ ನಿಲ್ಲೋದು ಸರಿಯಲ್ಲ ಅಂತ ಜನರ ಮುಂದೆಯೇ ತಿಳಿಸಿದರು. ಅದೇ ವರ್ಷ ಹಳೇ ಗೆಳೆಯ ಷೋನ್‌ಬೈನ್‌ಗೆ ಬರೆದ ಪತ್ರದಲ್ಲಿ, ಬರೆದದ್ದೆಲ್ಲ ಅರ್ಥವಿಲ್ಲದ್ದಾಗುತ್ತಿದೆ, ಹರಿದು ಹರಿದು ಹಾಕುತ್ತಿದ್ದೇನೆ ಅಂತ ತೋಡಿಕೊಂಡರು.

ರಾಣಿ ಕೊಟ್ಟ ಹ್ಯಾಂಪ್ಟನ್ ಕೋರ್ಟ್‌ನ ಮನೆಯಲ್ಲಿ 1867ರ ಆಗಸ್ಟ್ 25ರಂದು, ಕುರ್ಚಿಯಲ್ಲಿ ಕೂತಿದ್ದ ಹಾಗೇ ಫ್ಯಾರಡೆ ತೀರಿಕೊಂಡರು. ಪಕ್ಕದಲ್ಲಿ ಮಕ್ಕಳಿರಲಿಲ್ಲ, ಪತ್ನಿ ಸಾರಾ ಉಳಿದರು. ರಾಜರು, ಮಹನೀಯರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಬೇಡ, ಸಾಧಾರಣ ಅಂತ್ಯಕ್ರಿಯೆ ಸಾಕು ಅನ್ನೋದು ಅವರ ಇಚ್ಛೆ. ಹೈಗೇಟ್ ಸ್ಮಶಾನದಲ್ಲಿ ಒಂದು ಕಲ್ಲು. ಅದರ ಮೇಲೆ ಹೆಸರು, ಹುಟ್ಟಿದ ದಿನ, ಸತ್ತ ದಿನ. ಬಿರುದು ಬಾವಲಿ ಒಂದೂ ಇಲ್ಲ.

ಶಿವನಸಮುದ್ರದವರೆಗೆ

ಅವರು ಸತ್ತು 35 ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿಯ ನೀರು ಜನರೇಟರ್‌ಗಳನ್ನು ತಿರುಗಿಸಿತು. ಅಲ್ಲಿ ಹುಟ್ಟಿದ ಕರೆಂಟ್ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಆಮೇಲೆ ಒಂದೊಂದೇ ಊರು, ಒಂದೊಂದೇ ಓಣಿ.

ಅಲ್ಲಿ ನಡೆದದ್ದೂ ಇಲ್ಲಿ ನಡೆಯುತ್ತಿರೋದೂ ಆ ಅಕ್ಟೋಬರಿನ ಕೆಲಸವೇ. ಅಯಸ್ಕಾಂತ, ತಂತಿ, ಚಲನೆ. ಊರ ಹೊರಗಿನ ಕಂಬದ ಮೇಲೆ ಗುಂಯ್ ಅನ್ನುವ ಟಿಸಿಯಲ್ಲಿ ಇರೋದು ಆಗಸ್ಟಿನ ಆ ಬಳೆ. ಸಿಕ್ಕಿದ್ದು ಮೀನೋ ಜೊಂಡೋ ಗೊತ್ತಿಲ್ಲ ಅಂತ ಅವರು ಎರಡು ತಿಂಗಳು ತಡೆದು ನೋಡಿದ್ದು ಅದನ್ನೇ.